ಸದಶ್ವ

ಇಂದ್ರಿಯನಿಗ್ರಹವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಹೊಳೆಯುವುದು ಉಪವಾಸದಿಂದ ಸೊರಗಿದ ದೇಹ, ಬಿಗಿದ ತುಟಿ, ಮುಚ್ಚಿದ ಕಣ್ಣು. ನಿಗ್ರಹವೆಂದರೆ ಹೊಡೆದು ಕೆಡಹುವುದೆಂಬ ಅರ್ಥ ಹೇಗೋ ರೂಢಿಯಾಗಿಬಿಟ್ಟಿದೆ. ಆದರೆ ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶರೀರವನ್ನು ರಥವೆಂದೂ, ಬುದ್ಧಿಯನ್ನು ಸಾರಥಿಯೆಂದೂ, ಮನಸ್ಸನ್ನು ವಾಘೆಯೆಂದೂ, ಇಂದ್ರಿಯಗಳನ್ನು ಕುದುರೆಗಳೆಂದೂ ನಿರೂಪಿಸಿ, ವಿವೇಕಿಯ ಇಂದ್ರಿಯಗಳು ಸದಶ್ವಗಳಂತೆ ವಶವರ್ತಿಗಳು, ಅವಿವೇಕಿಯವು ದುಷ್ಟಾಶ್ವಗಳಂತೆ ಎಂದು ವಿಭಾಗಿಸುವಾಗ, ಕುದುರೆಗಳನ್ನು ಬಿಚ್ಚಿ ಅಟ್ಟಬೇಕೆಂದಾಗಲಿ ಕೊಲ್ಲಬೇಕೆಂದಾಗಲಿ ವಿಧಿಸಿಲ್ಲ. ಕುದುರೆಯಿಲ್ಲದ ರಥ ತನ್ನ ಗುರಿಯಾದ ವಿಷ್ಣುಪದವನ್ನು ಮುಟ್ಟುವುದಾದರೂ ಹೇಗೆ? ಹಾಗಾದರೆ ಬೆದರುವ ಅಶ್ವವು ಸದಶ್ವವಾಗುವ ಬಗೆ ಯಾವುದು? ಇದಕ್ಕೆ ಉತ್ತರವನ್ನು ಲಾಯದಲ್ಲಿಯೇ ಹುಡುಕುವುದು ಲೇಸು.

ಹುಲ್ಲುಗಾವಲಿನ ಪ್ರಾಣಿಯಾದ ಕುದುರೆಗೆ ಬೆನ್ನಮೇಲೆ ಎರಗುವುದೆಲ್ಲವೂ ಹಿಂಸ್ರಮೃಗವೆಂಬ ಭೀತಿ ಹುಟ್ಟಿನಿಂದಲೇ ಬಂದದ್ದು. ಇದನ್ನು ಬಲ್ಲ ರಾವುತನು ಮೊದಲ ದಿನವೇ ಎಳೆಗುದುರೆಯನ್ನು ಏರಹೋಗುವುದಿಲ್ಲ. ಮಡಿಸಿದ ಕಂಬಳಿಯನ್ನು ಅದರ ಮೂಗಿನ ಬಳಿ ಹಿಡಿಯುತ್ತಾನೆ; ಅದು ಮೂಸಿ ತೃಪ್ತಿಗೊಂಡಮೇಲೆ ಹೆಗಲಿಗೆ ಮೆಲ್ಲನೆ ಸೋಕಿಸುತ್ತಾನೆ; ಚರ್ಮ ಅದುರಿ, ಕಿವಿ ಹಿಂದಕ್ಕೆ ಮಡಿಚಿದರೆ ಕೈಯನ್ನು ಅಲ್ಲಿಯೇ ನಿಲ್ಲಿಸಿ ಕಾಯುತ್ತಾನೆ; ತಲೆ ತಗ್ಗಿ, ಉಸಿರು ನೀಳವಾಗಿ, ಅದುರು ಅಡಗಿದ ಆ ಕ್ಷಣದಲ್ಲಿ ಕಂಬಳಿಯನ್ನು ತೆಗೆದುಬಿಡುತ್ತಾನೆ. ಹಲ್ಲಣ ಬರುವುದು ಆಮೇಲೆ. ಆಳಿನ ಭಾರ ಅದಕ್ಕೂ ಆಮೇಲೆ. ಕಡಿವಾಣದ ಕಬ್ಬಿಣವಂತೂ ಮುಂಬಲ್ಲಿಗೂ ದವಡೆಹಲ್ಲಿಗೂ ನಡುವಣ ತೆರಪಿನಲ್ಲಿ, ಹಲ್ಲಿನ ಆಸರೆಯಿಲ್ಲದ ಮೃದುವಾದ ಒಸಡಿನ ಮೇಲೆ ಊರುವುದರಿಂದ, ವಾಘೆಯ ಸಣ್ಣ ಸೆಳೆತವೂ ಅದಕ್ಕೆ ದೊಡ್ಡ ಮಾತು. ಸೆಳೆದಾಗ ಕುದುರೆ ತಿಳಿಯುವುದು ಏನನ್ನೋ ಕೇಳುತ್ತಿದ್ದಾರೆಂಬುದನ್ನು ಮಾತ್ರ. ತಾನು ಮಾಡಿದ್ದು ಸರಿಯೆಂಬ ಅರಿವು ಅದಕ್ಕಾಗುವುದು ವಾಘೆ ಸಡಿಲಿದಾಗ. ಸಡಿಲಿಸಲರಿಯದೆ ಎಳೆಯುತ್ತಲೇ ಇರುವವನ ಕೈಯಲ್ಲಿ ಬಾಯಿ ಜಡ್ಡುಗಟ್ಟುತ್ತದೆ, ಕಲಿಕೆ ನಿಂತುಹೋಗುತ್ತದೆ.

ಗೀತೆಯ 6ನೆಯ ಅಧ್ಯಾಯದಲ್ಲಿ, ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಕ್ಕದೆಂದು ಅರ್ಜುನನು ದೂರಿದಾಗ ಶ್ರೀಕೃಷ್ಣನು ಅಭ್ಯಾಸ ವೈರಾಗ್ಯಗಳೆರಡನ್ನೂ ಒಟ್ಟಿಗೆ ಹೇಳಿದ್ದರ ಔಚಿತ್ಯ ನನಗೆ ಇಲ್ಲಿ ಗೋಚರಿಸುತ್ತದೆ. ಅಭ್ಯಾಸ ವಾಘೆಯನ್ನು ಮತ್ತೆ ಮತ್ತೆ ಹಿಡಿಯುವ ಕೈಯಾದರೆ, ಫಲಕ್ಕಾಗಿ ಹಪಹಪಿಸದೆ ಅದನ್ನು ಸಡಿಲಿಸಬಲ್ಲ ಕೈ ವೈರಾಗ್ಯ.

ಪಳಗದ ಕುದುರೆಯೂ ಉಂಟಲ್ಲವೆ ಎಂದು ಕೇಳಬಹುದು. ಅಂಗುತ್ತರ ನಿಕಾಯದಲ್ಲಿ ಕೇಸಿಯೆಂಬ ಅಶ್ವಶಿಕ್ಷಕನು ಬುದ್ಧನಿಗೆ, ಕೆಲವನ್ನು ಮೃದುವಾಗಿ, ಕೆಲವನ್ನು ಕಠಿಣವಾಗಿ, ಕೆಲವನ್ನು ಎರಡು ಬಗೆಯಿಂದಲೂ ಪಳಗಿಸುವೆನೆಂದೂ, ಯಾವುದಕ್ಕೂ ಬಗ್ಗದುದನ್ನು ಕೊಲ್ಲುವೆನೆಂದೂ ಹೇಳುತ್ತಾನೆ. ತಾನೂ ಹಾಗೆಯೇ ಮಾಡುವೆನೆಂದು ಬುದ್ಧನು ನುಡಿದಾಗ ಕೇಸಿ ಬೆರಗಾಗುತ್ತಾನೆ. ಉಪದೇಶಕ್ಕೆ ಯೋಗ್ಯನಲ್ಲವೆಂದು ಒಬ್ಬನನ್ನು ಕೈಬಿಡುವುದೇ ಆರ್ಯವಿನಯದಲ್ಲಿ ವಧೆಯೆಂಬುದು ಬುದ್ಧನು ಕೊಟ್ಟ ವಿವರಣೆ. ತನ್ನ ಇಂದ್ರಿಯಗಳನ್ನು ಶತ್ರುಗಳೆಂದು ಶಪಿಸಿ ಕೈಚೆಲ್ಲುವವನು ಮಾಡುವುದೂ ಇದೇ ವಧೆಯನ್ನು. ಸಾಧಕನಿಗೆ ಉಳಿದಿರುವ ಕೆಲಸ ಸಣ್ಣದು, ಆದರೆ ನಿತ್ಯದ್ದು: ನಿನ್ನೆ ಬೆದರಿದ ಕುದುರೆಗೆ ಇಂದೂ ಅದೇ ಕಂಬಳಿಯನ್ನು ಅಷ್ಟೇ ಮೆಲ್ಲಗೆ ತೋರಿಸಬೇಕು.