ಮಾತಿಲ್ಲದ ತಂತಿ, ಭಕ್ತಿಯ ಪ್ರಶ್ನೆ

ಹಾಡಿನಲ್ಲಿ ಭಕ್ತಿ ಎಲ್ಲಿದೆ ಎಂದು ಕೇಳಿದರೆ ಸಾಹಿತ್ಯದತ್ತ ಬೆರಳು ತೋರಿಸಬಹುದು. ವಚನವಿರಲಿ, ದಾಸರ ಪದವಿರಲಿ, ಅದರಲ್ಲಿ ದೇವರ ಹೆಸರಿರುತ್ತದೆ, ಮೊರೆಯಿರುತ್ತದೆ, ಅಂಕಿತವಿರುತ್ತದೆ. ತಂತಿವಾದ್ಯಕ್ಕೆ ಈ ಆಸರೆ ಇಲ್ಲ. ಸಿತಾರಿನ ಆಲಾಪದಲ್ಲಿ ಯಾವ ದೇವರ ನಾಮವೂ ಕೇಳಿಸುವುದಿಲ್ಲ. ಹೀಗಿದ್ದೂ ವಾದಕರು ವಾದ್ಯಕ್ಕೆ ನಮಸ್ಕರಿಸಿ ಕೂಡುತ್ತಾರೆ, ಕೇಳುಗರು ಅದನ್ನು ನಾದೋಪಾಸನೆ ಎನ್ನುತ್ತಾರೆ. ಪದವಿಲ್ಲದ ನಾದ ಉಪಾಸನೆಯಾಗಬಲ್ಲುದೇ, ಆಗುವುದಾದರೆ ಯಾವುದರಿಂದ ಎಂಬುದು ಹಳೆಯ ಪ್ರಶ್ನೆ. ಗಾಯಕರ ಊರೆಂದು ಹೆಸರಾದ ಹುಬ್ಬಳ್ಳಿ–ಧಾರವಾಡದಲ್ಲಿ ಮೂರು–ನಾಲ್ಕು ತಲೆಮಾರಿನಿಂದ ಸಿತಾರ್ ಪರಂಪರೆಯೂ ಬೆಳೆದು ಬಂದಿರುವುದರಿಂದ, ಈ ಪ್ರಶ್ನೆಯನ್ನು ಇಲ್ಲಿಂದಲೇ ಬಿಡಿಸಿ ನೋಡಲು ಅವಕಾಶವಿದೆ.

ಧಾರವಾಡದ ಸಿತಾರ್ ಪರಂಪರೆಯ ಮೂಲಪುರುಷರು ‘ಸಿತಾರ್ ರತ್ನ’ ರಹಿಮತ್ ಖಾನ್. ಗುಜರಾತಿನ ಭಾವನಗರದ ಸಂಗೀತ ಮನೆತನದಲ್ಲಿ ಹುಟ್ಟಿದ ಅವರು ಬೀನ್‌ಕಾರ (ರುದ್ರವೀಣೆ ವಾದಕ) ಬಂದೇ ಅಲಿ ಖಾನರ ಶಿಷ್ಯರು. ಬಂದೇ ಅಲಿ ಖಾನರು ಕಿರಾಣಾ ಪರಂಪರೆಯ ಹಿರಿಯರು. ಅದೇ ಕಿರಾಣಾ ಘರಾಣೆ ಮುಂದೆ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಹರಿಯಿತು. ಹಾಗಾಗಿ ಈ ಸೀಮೆಯ ಕಂಠಕ್ಕೂ ತಂತಿಗೂ ದೂರದ ಒಂದು ನೆಂಟಸ್ತನವಿದೆ. ರಹಿಮತ್ ಖಾನರು ಧಾರವಾಡದಲ್ಲಿ ನೆಲೆನಿಂತು ಭಾರತೀಯ ಸಂಗೀತ ವಿದ್ಯಾಲಯವನ್ನು ಕಟ್ಟಿದರು. ವಿದ್ಯೆ ಅವರ ಮಗ ಅಬ್ದುಲ್ ಕರೀಂ ಖಾನರಿಗೂ (ಕಿರಾಣಾದ ಗಾಯಕರಲ್ಲ, ಅದೇ ಹೆಸರಿನ ಇನ್ನೊಬ್ಬರು), ಬಳಿಕ ಮೊಮ್ಮಕ್ಕಳಿಗೂ ಇಳಿಯಿತು. ಮೊಮ್ಮಕ್ಕಳಲ್ಲಿ ಬಾಲೇ ಖಾನ್ (1942–2007) ಧಾರವಾಡ ಆಕಾಶವಾಣಿಯ ಕಲಾವಿದರಾಗಿ ಮನೆಮಾತಾದರು. ಅವರ ಸೋದರರಾದ ಛೋಟೆ ರಹಿಮತ್ ಖಾನ್ ಗೋವೆಯಲ್ಲಿ, ಉಸ್ಮಾನ್ ಖಾನ್ ಪುಣೆಯಲ್ಲಿ, ಹಮೀದ್ ಖಾನ್ ಮತ್ತು ಶಫೀಕ್ ಖಾನ್ ಧಾರವಾಡದಲ್ಲಿ ಆ ಬಾಜನ್ನು (ವಾದನಶೈಲಿಯನ್ನು) ಮುಂದುವರಿಸಿದರು. ಮುಸ್ಲಿಂ ಮನೆತನದ ಈ ಗುರುಗಳ ಮುಂದೆ ಎಲ್ಲ ಮತದ ಮಕ್ಕಳೂ ಕೂತು ಕಲಿತಿದ್ದಾರೆ. ಪದವಿಲ್ಲದ ವಿದ್ಯೆ ಯಾರನ್ನೂ ಯಾವ ದೇವರ ಹೆಸರು ಹೇಳೆಂದು ಕೇಳಲಿಲ್ಲ.

ನಾದದ ಪರವಾಗಿ ಶಾಸ್ತ್ರ ಹೇಳುವುದು ಬಹಳವಿದೆ. ಮನುಷ್ಯದೇಹವೇ ದೇವರು ಮಾಡಿದ ವೀಣೆ, ಮರದ ವೀಣೆ ಅದರ ಅನುಕರಣೆ ಎಂಬ ಕಲ್ಪನೆ ಐತರೇಯ ಆರಣ್ಯಕದಷ್ಟು ಹಳೆಯದು. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ನಾದವನ್ನು ಅನಾಹತ, ಆಹತ ಎಂದು ಎರಡಾಗಿ ವಿಂಗಡಿಸುತ್ತಾನೆ. ಅನಾಹತ ಯಾವುದೂ ಯಾವುದಕ್ಕೂ ತಾಗದೆ ಹುಟ್ಟುವಂಥದು; ಗುರು ತೋರಿದ ದಾರಿಯಲ್ಲಿ ಮುನಿಗಳು ಅದನ್ನು ಉಪಾಸಿಸುತ್ತಾರೆ. ಆದರೆ ಅದಕ್ಕೆ ರಂಜಿಸುವ ಗುಣವಿಲ್ಲ. ಆಹತ ಮೀಟಿನಿಂದ, ಉಸಿರಿನಿಂದ ಹುಟ್ಟುವಂಥದು. ಅದು ಜನರನ್ನು ರಂಜಿಸುತ್ತದೆ, ಭವಬಂಧನವನ್ನೂ ಬಿಡಿಸುತ್ತದೆ. ರಂಜನೆ ಮತ್ತು ಮುಕ್ತಿ ಒಂದೇ ನಾದದಲ್ಲಿ ಕೂಡಿರಬಹುದು ಎಂಬುದು ಈ ವಾದದ ಧೈರ್ಯ. ಕಾಶ್ಮೀರ ಶೈವರ ‘ವಿಜ್ಞಾನಭೈರವ’ ತಂತಿವಾದ್ಯವನ್ನೇ ಹೆಸರಿಸಿ ಒಂದು ಧಾರಣೆಯನ್ನು ಹೇಳುತ್ತದೆ: ತಂತಿಯ ಉದ್ದನೆಯ ನಾದದಲ್ಲಿ ಬೇರೇನನ್ನೂ ನೆನೆಯದೆ ಮನಸ್ಸಿಟ್ಟವನು, ಆ ನಾದ ಮುಗಿಯುವಲ್ಲಿ ಪರಮ ಆಕಾಶವೇ ಆಗುತ್ತಾನೆ. ಇಲ್ಲಿ ಸ್ವರದಷ್ಟೇ ಅದರ ಕೊನೆಗೂ ಬೆಲೆಯಿದೆ.

ಕನ್ನಡದಲ್ಲಿ ಈ ನಂಬಿಕೆಯನ್ನು ತಡೆದು ನಿಲ್ಲಿಸಿದವನು ಬಸವಣ್ಣ. ಶಿವ ನಾದಪ್ರಿಯನೂ ಅಲ್ಲ, ವೇದಪ್ರಿಯನೂ ಅಲ್ಲ, ಭಕ್ತಿಪ್ರಿಯ ಎಂಬುದು ಅವನ ಒಂದು ವಚನದ ಸಾರ. ಸಾಕ್ಷಿಗೆ ಅವನು ತರುವುದು ರಾವಣನನ್ನು: ಅಷ್ಟು ನಾದ ಮಾಡಿಯೂ ಅವನ ಆಯುಷ್ಯ ಅರ್ಧವೇ ಆಯಿತು. ಆದರೆ ಇದೇ ಬಸವಣ್ಣ ಇನ್ನೊಂದು ವಚನದಲ್ಲಿ ತನ್ನ ದೇಹವನ್ನೇ ತಂತಿವಾದ್ಯ ಮಾಡಿಕೊಳ್ಳೆಂದು ಕೂಡಲಸಂಗಮನನ್ನು ಬೇಡುತ್ತಾನೆ. ಮೈ ದಂಡಿಗೆಯಾಗಬೇಕು, ತಲೆ ಸೋರೆ ಬುರುಡೆಯಾಗಬೇಕು, ನರಗಳು ತಂತಿಗಳಾಗಬೇಕು, ದೇವರು ಅದನ್ನು ಎದೆಗೊತ್ತಿಕೊಂಡು ನುಡಿಸಬೇಕು. ಎರಡು ವಚನಗಳನ್ನು ಪಕ್ಕಪಕ್ಕ ಇಟ್ಟರೆ ವಿರೋಧ ಕಾಣುತ್ತದೆ; ನುಡಿಸುವವರು ಯಾರು ಎಂದು ಕೇಳಿದರೆ ಅದು ಕರಗುತ್ತದೆ. ರಾವಣ ತಾನೇ ವಾದಕ, ವರ ಅವನ ಸಂಭಾವನೆ. ಎರಡನೆಯ ವಚನದಲ್ಲಿ ಭಕ್ತ ವಾದ್ಯ ಮಾತ್ರ, ವಾದಕ ದೇವರು. ಬಸವಣ್ಣ ತಳ್ಳಿಹಾಕಿದ್ದು ನಾದವನ್ನಲ್ಲ, ನಾದವನ್ನು ಮುಂದಿಟ್ಟು ಮಾಡುವ ವ್ಯಾಪಾರವನ್ನು.

ನಾದದ ಬಗೆಗಿನ ಈ ಅನುಮಾನ ಬೇರೆ ಮತಗಳಲ್ಲೂ ಇದೆ. ಇಸ್ಲಾಮಿನಲ್ಲಿ ಸಂಗೀತ ಸಲ್ಲುತ್ತದೆಯೇ ಎಂಬ ವಿವಾದ ಶತಮಾನಗಳದು. 11–12ನೇ ಶತಮಾನದ ಚಿಂತಕ ಅಲ್ ಗಜಾಲಿ ತನ್ನ ಬೃಹತ್ ಗ್ರಂಥ ‘ಇಹ್ಯಾ’ದಲ್ಲಿ ಶ್ರವಣಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟ. ಸಂಗೀತ ಹೃದಯದಲ್ಲಿ ಇಲ್ಲದ್ದನ್ನು ತಂದು ಇಡುವುದಿಲ್ಲ, ಇದ್ದುದನ್ನು ಕಲಕಿ ಮೇಲೆ ತರುತ್ತದೆ. ಆದ್ದರಿಂದ ಅದು ಸಲ್ಲುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಕೇಳುವವನನ್ನು ಅವಲಂಬಿಸಿದೆ ಎಂದು ಅವನು ವಾದಿಸಿದ. ‘ಸಮಾ’ ಎನ್ನುವ ಶ್ರವಣಗೋಷ್ಠಿಯನ್ನು ಚಿಶ್ತಿ ಸೂಫಿಗಳು ಸಾಧನೆಯ ಭಾಗವಾಗಿಸಿಕೊಂಡರು. 1422ರಲ್ಲಿ ಕಲಬುರಗಿಯಲ್ಲಿ ತೀರಿಕೊಂಡ ಖ್ವಾಜಾ ಬಂದೇ ನವಾಜರು ಈ ಪಂಥದವರೇ. ಕ್ರೈಸ್ತರಲ್ಲಿ ಸಂತ ಅಗಸ್ಟೀನನ ಅಳುಕು ಬೇರೆ ಬಗೆಯದು: ಹಾಡಿದ ಮಾತಿಗಿಂತ ಹಾಡಿದ ದನಿಗೇ ಮನಸ್ಸು ಸೋತರೆ ಅದು ಪಾಪವೆಂದು ಅವನು ತನ್ನ ಆತ್ಮಕಥನದಲ್ಲಿ ಬರೆದುಕೊಂಡ. ಈ ಅಳತೆಗೋಲಿಗೆ ಸಿತಾರ್ ಸಿಗುವುದೇ ಇಲ್ಲ, ಏಕೆಂದರೆ ಅಲ್ಲಿ ಸೋಲುವುದಕ್ಕೆ ದನಿಯ ಹೊರತು ಬೇರೇನೂ ಇಲ್ಲ. ಕೇಳುವವನ ಹೃದಯದ ಬಗ್ಗೆ ಗಜಾಲಿ ಹೇಳಿದ ಮಾತು ಮಾತ್ರ ಇಲ್ಲಿಗೂ ಅನ್ವಯಿಸುತ್ತದೆ.

ವಾದ್ಯದ ರಚನೆ ಈ ಚರ್ಚೆಗೆ ಹೊರಗಿನದಲ್ಲ. ಕಂಠ ಉಸಿರಿರುವಷ್ಟು ಹೊತ್ತು ಸ್ವರವನ್ನು ಹಿಡಿದು ನಿಲ್ಲಿಸಬಲ್ಲದು, ಉಬ್ಬಿಸಬಲ್ಲದು. ಬೆರಳಿಗೆ ತೊಟ್ಟ ಮಿಜ್ರಾಬಿನಿಂದ ಮೀಟಿದ ಸ್ವರ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಅದು ಆರುವುದರೊಳಗೆ ವಾದಕರು ತಂತಿಯನ್ನು ಪರದೆಯ (ಮೆಟ್ಟಿನ) ಮೇಲೆ ಅಡ್ಡಕ್ಕೆ ಎಳೆದು ಒಂದೇ ಮೀಟಿನಲ್ಲಿ ಮುಂದಿನ ಸ್ವರಗಳನ್ನು ಹೊರಡಿಸುತ್ತಾರೆ. ಇದೇ ಮೀಂಡ್, ಹಾಡುಗಾರಿಕೆಯನ್ನು ಅನುಸರಿಸುವ ಗಾಯಕಿ ಅಂಗದ ಸಿತಾರಿಗೆ ಇದೇ ಜೀವಾಳ. ಗಾಯಕರ ನಡುವೆ ಬೆಳೆದ ಧಾರವಾಡದ ಬಾಜ್ ಕೂಡ ಗಾಯಕಿಯತ್ತ ಒಲಿದದ್ದು ಸಹಜವೇ. ಗಿಟಾರಿನಲ್ಲಿ ಪರದೆಗಳು ಮೀಂಡಿಗೆ ಅಡ್ಡ ಬಂದಾಗ ಬ್ರಿಜ್‌ಭೂಷಣ್ ಕಾಬ್ರಾ ಅದನ್ನು ಅಡ್ಡ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆಯಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರೊಂದಿಗೆ ಕೇಳುವುದು ಅವರ ಗಿಟಾರೇ. ಕಾಬ್ರಾ ಅವರ ಗುರು ಅಲಿ ಅಕ್ಬರ್ ಖಾನರ ಬಳಿಯೇ ಕಲಿತ ಕನ್ನಡಿಗ ರಾಜೀವ ತಾರಾನಾಥರು (1932–2024) ಪರದೆಯೇ ಇಲ್ಲದ ಸರೋದನ್ನು ನುಡಿಸಿದರು. ದಾರಿಗಳು ಬೇರೆಬೇರೆ, ಎದುರಿಸಿದ ತೊಡಕು ಒಂದೇ: ಸಾಯುತ್ತಿರುವ ಸ್ವರವನ್ನು ಮುಂದಿನ ಸ್ವರಕ್ಕೆ ಮುಟ್ಟಿಸುವುದು. ಇದಕ್ಕೆ ವಾದಕರಿಂದ ಬೇಕಾದ ಎಡೆಬಿಡದ ಗಮನ, ವಿಜ್ಞಾನಭೈರವ ಕೇಳುಗನಿಂದ ಬಯಸುವ ಗಮನದ ಜೋಡಿ.

ಸಿತಾರಿನ ಇನ್ನೊಂದು ವಿಶೇಷ ತರಬ್ ತಂತಿಗಳು. ಪರದೆಗಳ ಕೆಳಗೆ ಹಾದುಹೋಗುವ ಹನ್ನೊಂದರಿಂದ ಹದಿಮೂರು ತಂತಿಗಳನ್ನು ಸಾಮಾನ್ಯವಾಗಿ ಯಾರೂ ಮೀಟುವುದಿಲ್ಲ. ರಾಗದ ಸ್ವರಗಳಿಗೆ ಅವನ್ನು ಶ್ರುತಿ ಮಾಡಿಟ್ಟರೆ, ಮೇಲಿನ ತಂತಿಯಲ್ಲಿ ಆ ಸ್ವರ ಬಂದಾಗ ಅದೇ ಸ್ವರದ ತರಬ್ ತಾನಾಗಿ ಮಿಡಿಯುತ್ತದೆ. ಮೇಲಿನ ತಂತಿಯನ್ನು ಎಷ್ಟು ಜೋರಾಗಿ ಮೀಟಿದರೂ ಶ್ರುತಿ ತಪ್ಪಿದ ತರಬ್ ಸುಮ್ಮನಿರುತ್ತದೆ. ಗಜಾಲಿ ಹೇಳಿದ ಕೇಳುಗ ಈ ತರಬಿನಂಥವನು: ನಾದ ಅವನನ್ನು ನುಡಿಸಬಹುದು, ಶ್ರುತಿ ಮಾಡಲಾರದು. ಆ ಕೆಲಸ ಕಛೇರಿಗೆ ಮೊದಲೇ, ಬದುಕಿನಲ್ಲಿ ಆಗಿರಬೇಕು.

ಎದುರಿಗೆ ಕೂತು ಕೇಳುವುದಕ್ಕೂ ಮುದ್ರಿಕೆಗೂ ಇರುವ ಅಂತರ ಇಲ್ಲಿ ಮುಖ್ಯವಾಗುತ್ತದೆ. ಬೈಠಕ್ಕಿನಲ್ಲಿ ಆಲಾಪ, ಬಳಿಕ ಲಯ ಸೇರುವ ಜೋಡ್, ವೇಗದ ಝಾಲಾ ಮುಗಿಯುವವರೆಗೆ ತಬಲಾ ಸುಮ್ಮನಿರುತ್ತದೆ. ತಾಳದ ಲೆಕ್ಕ ಹಿಡಿಯುವವರು ಯಾರೂ ಇಲ್ಲ. ಒಂದು ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ಆ ಕ್ಷಣದಲ್ಲೇ ತೀರ್ಮಾನವಾಗಬೇಕು, ಸಭೆಯ ಮೌನವೂ ಅದರಲ್ಲಿ ಪಾಲುಗೊಳ್ಳುತ್ತದೆ. ಮುದ್ರಿಕೆಯಲ್ಲಿ ಆ ತೀರ್ಮಾನ ಮುಗಿದುಹೋಗಿದೆ, ಕೇಳುಗನ ಗಮನ ವಾದಕನನ್ನು ತಲುಪುವ ಹಾದಿಯಿಲ್ಲ. 78 ಆರ್‌ಪಿಎಂ ತಟ್ಟೆಗಳ ಕಾಲದಲ್ಲಂತೂ ರಾಗ ಮೂರು ಮೂರೂವರೆ ನಿಮಿಷದಲ್ಲಿ ಮುಗಿಯಬೇಕಿತ್ತು. ಹಾಗೆಂದು ಯಂತ್ರವನ್ನು ಹಗುರವಾಗಿ ತಳ್ಳುವಂತಿಲ್ಲ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಎಷ್ಟೋ ಹಳ್ಳಿಗಳಿಗೆ ಸಿತಾರ್ ಮೊದಲು ತಲುಪಿದ್ದು ರೇಡಿಯೊದಿಂದ. ಒಳಗಿದ್ದುದನ್ನು ಕಲಕುವ ಶಕ್ತಿ ಆ ದನಿಗೂ ಇತ್ತು. ಮುದ್ರಿಕೆಯಲ್ಲಿ ಇಲ್ಲವಾಗುವುದು ಕೇಳುಗನ ಅನುಭವವಲ್ಲ, ಇಬ್ಬರ ಗಮನವೂ ಒಂದೇ ಸ್ವರದ ಮೇಲೆ ಕೂಡುವ ಆ ಸಹಭಾಗ.

ಎದುರಿನ ಕಛೇರಿಗೂ ತನ್ನದೇ ಅಪಾಯವಿದೆ. ಝಾಲಾದ ವೇಗ ಏರಿದಂತೆ ಚಪ್ಪಾಳೆ ಏರುತ್ತದೆ. ಸಿತಾರ್ ಮತ್ತು ತಬಲಾದ ಸವಾಲ್–ಜವಾಬಿನಲ್ಲಿ ಗೆಲುವು ಸೋಲಿನ ಆಟ ಹುಟ್ಟುತ್ತದೆ. ಸಭೆಯ ಮೆಚ್ಚುಗೆಯೇ ಆಗ ವರವಾಗಿ, ರಾವಣನ ವ್ಯಾಪಾರ ಮರಳಿ ಬರುತ್ತದೆ. ಅದ್ವೈತಿಯ ಆಕ್ಷೇಪ ಇನ್ನೂ ಆಳದ್ದು. ಹುಬ್ಬಳ್ಳಿಯ ಸಿದ್ಧಾರೂಢರು (1929ರಲ್ಲಿ ಸಮಾಧಿಸ್ಥರಾದವರು) ಬೋಧಿಸಿದ ವೇದಾಂತದ ನೆಲೆಯಿಂದ ನೋಡಿದರೆ, ರಾಗದಿಂದ ಬರುವ ಆನಂದವೂ ಬಂದು ಹೋಗುವ ಒಂದು ಅವಸ್ಥೆ. ಬಂದು ಹೋಗುವುದು ಆತ್ಮವಾಗಲಾರದು. ಈ ಆಕ್ಷೇಪವನ್ನು ನಾದಪಕ್ಷ ಅಲ್ಲಗಳೆಯಬೇಕಿಲ್ಲ. ಮೀಟಿದ ತಂತಿ ಪ್ರತಿ ಸ್ವರದಲ್ಲೂ ತೋರಿಸುವುದು ಹೋಗುವಿಕೆಯನ್ನೇ. ಹೋಗುವುದನ್ನು ಹಿಡಿಯಲು ಹವಣಿಸದೆ ಅದರ ಕೊನೆಯವರೆಗೂ ಜೊತೆಗಿರುವ ಅಭ್ಯಾಸ ಆತ್ಮಜ್ಞಾನವಲ್ಲದಿರಬಹುದು, ಅದಕ್ಕೆ ಬೇಕಾದ ಮನಸ್ಸಿನ ತಯಾರಿಯಂತೂ ಹೌದು.

ಹೀಗೆ ಬೇರೆಬೇರೆ ದಾರಿಯ ವಿಚಾರಗಳು ಒಂದು ಕಡೆ ಬಂದು ಸೇರುತ್ತವೆ. ಪದವಿಲ್ಲದ ನಾದ ತನ್ನಷ್ಟಕ್ಕೆ ಉಪಾಸನೆಯಲ್ಲ. ಪದವಿರುವ ಹಾಡೂ ತನ್ನಷ್ಟಕ್ಕೆ ಅಲ್ಲ. ನುಡಿಸುವವರು ತಮ್ಮನ್ನು ವಾದ್ಯವಾಗಿಸಿಕೊಂಡಾಗ, ಕೇಳುವವರು ಶ್ರುತಿಗೊಂಡು ಕೂತಾಗ ಅದು ಉಪಾಸನೆಯಾಗುತ್ತದೆ. ಭಕ್ತಿಗೆ ಅಡಗಿಕೊಳ್ಳಲು ಸಾಹಿತ್ಯದ ಮರೆ ಸಿತಾರಿನಲ್ಲಿ ಇಲ್ಲದಿರುವುದರಿಂದ ಈ ಮಾತು ಅಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ಇದರಿಂದ ಒಂದು ಮಿತಿಯೂ ಹೊರಡುತ್ತದೆ: ಹೊರಗಿನಿಂದ ಯಾರೂ ಇದನ್ನು ಅಳೆಯಲಾರರು. ಒಂದೇ ಸಭೆಯಲ್ಲಿ, ಒಂದೇ ಜಮಖಾನೆಯ ಮೇಲೆ ಕೂತ ಇಬ್ಬರಲ್ಲಿ ಒಬ್ಬರಿಗೆ ಅದು ಸಂಜೆಯ ರಂಜನೆ, ಇನ್ನೊಬ್ಬರಿಗೆ ಪೂಜೆ. ಶಾರ್ಙ್ಗದೇವ ಎರಡನ್ನೂ ಒಂದೇ ನಾದಕ್ಕೆ ಬಿಟ್ಟುಕೊಟ್ಟದ್ದರಿಂದ, ಅವರಲ್ಲಿ ಯಾರನ್ನೂ ಎಬ್ಬಿಸಿ ಕಳಿಸುವ ಅಗತ್ಯವಿಲ್ಲ.