ರತ್ನಗಂಬಳಿಯ ವಯಸ್ಸು

ತುರ್ಕಿ ದೇಶದ ಕೈಗಂಟಿನ ರತ್ನಗಂಬಳಿಯಲ್ಲಿ ಉಣ್ಣೆಯ ಪ್ರತಿಯೊಂದು ಎಳೆಯೂ ಹಾಸಿನ ಎರಡು ನೂಲುಗಳನ್ನು ಬಳಸಿ, ಅವುಗಳ ನಡುವೆ ಹೊರಹೊಮ್ಮುವುದು. ತಲೆಮಾರುಗಳು ತುಳಿದಂತೆ ಅದರ ಬಣ್ಣ ಮಾಗುವುದು. ಕೊಳ್ಳುವವರು ಹೆಚ್ಚಿನ ಬೆಲೆ ತೆರುವುದು ಈ ಮಾಗುವಿಕೆಗೇ. 1856ರಲ್ಲಿ ಹುಟ್ಟಿದ ಕೃತಕವರ್ಣಗಳು ಕ್ರಮೇಣ ಅಲ್ಲಿಯ ಹಳ್ಳಿಗಳನ್ನು ಹೊಕ್ಕ ಮೇಲಂತೂ ಕಣ್ಣು ಚುಚ್ಚುವ ಬಣ್ಣವನ್ನು ತಗ್ಗಿಸುವುದೇ ಒಂದು ಕಸಬಾಯಿತು. ಅಂತಾಲ್ಯದ ಸಮೀಪದ ಹೊಲಗಳಲ್ಲಿ ಗಂಬಳಿಗಳನ್ನು ಸಾವಿರಗಟ್ಟಲೆ ಬೇಸಗೆಯ ಬಿಸಿಲಿಗೆ ಹರಡುವ ವಾಡಿಕೆಯುಂಟು.

ಇದು ವಂಚನೆಯೇ? ಬಿಸಿಲೇನೂ ಸುಳ್ಳಲ್ಲ, ಬಣ್ಣ ಮಾಸಿದುದೂ ನಿಜವೇ. ಮೆತ್ತನೆಯ ನೆಲಹಾಸು ಮಾತ್ರ ಬೇಕೆಂಬವನಿಗೆ ಇದರಿಂದ ನಷ್ಟವಿಲ್ಲ. ಆದರೆ ವಯಸ್ಸಿಗೆಂದು ಹಣ ಕೊಟ್ಟವನು ಬಯಸಿದುದು ಬಣ್ಣವನ್ನಲ್ಲ, ಕಳೆದ ಕಾಲವನ್ನು. ಅವನೆದುರು ವ್ಯಾಪಾರಿಯು ಬಾಯಿ ಮುಚ್ಚಿ, ಮಾಸಿದ ಬಣ್ಣವನ್ನೇ ಸಾಕ್ಷಿ ನುಡಿಯಗೊಟ್ಟರೆ ಆ ಮೌನವು ಸುಳ್ಳೇ ಸರಿ.

ಹಾಗೆಂದು ಕೊಳ್ಳುವವನು ಪೂರ್ಣ ನಿರ್ದೋಷಿಯೇನಲ್ಲ. ಹೊಸ ಗಂಬಳಿಗೆ ಬಿಸಿಲು ತಂದ ಮುಪ್ಪು ಯಾರ ಮನೆಯಿಂದಲೂ ಏನನ್ನೂ ಕಿತ್ತುಕೊಂಡಿಲ್ಲ. ನಿಜವಾಗಿ ಹಳೆಯದಾದುದು ಮಾತ್ರ ಯಾವುದೋ ಮನೆಯ ನೆಲವನ್ನು ಬರಿದು ಮಾಡಿಯೇ ಬಂದಿರುವುದು. ಹೆಣ್ಣೊಬ್ಬಳು ತನ್ನ ಮದುವೆಯ ಬಳುವಳಿಗೆಂದು ಗಂಟಿಕ್ಕಿದುದು ಅಂಗಡಿಗೆ ಏಕೆ ಬಂತೆಂದು ಅವನು ಕೇಳುವುದಿಲ್ಲ. ಅದನ್ನು ಮಗುಚಿ ಹಾಕಿ, ಬೆನ್ನಿನ ಗಂಟುಗಳನ್ನು ಎಣಿಸುತ್ತಾನೆ.