ಪೂರ್ಣತೆ ಯಾರದು?

ತನಗೆ ಬೇಕಾದುದನ್ನೆಲ್ಲ ತಾನೇ ಮಾಡಿಕೊಳ್ಳಬಲ್ಲ ಜೀವಿ ಗಟ್ಟಿ, ಇನ್ನೊಬ್ಬರನ್ನು ನೆಚ್ಚಿಕೊಂಡದ್ದು ದುರ್ಬಲ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಜೀವವಿಕಾಸದ ಬಗ್ಗೆ ಓದುವಾಗಲೂ ಅದನ್ನು ನಾವು ಬದಿಗಿಡುವುದಿಲ್ಲ. ಆದರೆ ಬಿಸಿಲುಂಡು ಬದುಕುವ ಜೀವಿಗಳಲ್ಲಿ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಮುಂದಿರುವ ಪ್ರೋಕ್ಲೋರೋಕಾಕಸ್‌ನ ಬದುಕು ಈ ನಂಬಿಕೆಗೆ ತೀರ ವಿರುದ್ಧವಾಗಿದೆ.

ಇದು ನಡುಸಮುದ್ರದ ಸಯನೋಬ್ಯಾಕ್ಟೀರಿಯಾ. 1980ರ ದಶಕದ ನಡುವಿನವರೆಗೂ ಹೀಗೊಂದು ಜೀವಿ ಇದೆಯೆಂದೇ ಯಾರಿಗೂ ತಿಳಿದಿರಲಿಲ್ಲ. ವಿಜ್ಞಾನಿಗಳಾದ ಸ್ಯಾಲಿ ಚಿಜಮ್ ಮತ್ತು ರಾಬರ್ಟ್ ಓಲ್ಸನ್ ಹಡಗಿನಲ್ಲೇ ಕೋಶಗಳನ್ನು ಅವುಗಳ ಹೊಳಪಿನಿಂದ ಗುರುತಿಸುವ ಫ್ಲೋ ಸೈಟೋಮೀಟರ್ ಇಟ್ಟುಕೊಂಡು ನೀರನ್ನು ಪರೀಕ್ಷಿಸುತ್ತಿದ್ದಾಗ ತೀರ ಮಸುಕಾದ ಕೆಂಪು ಹೊಳಪು ಕಾಣಿಸಿತು. ಉಪಕರಣದ ದೋಷವೆಂದು ತಳ್ಳಿಹಾಕಬಹುದಾಗಿದ್ದ ಆ ಹೊಳಪಿನ ಬೆನ್ನು ಹತ್ತಿದವರು 1988ರಲ್ಲಿ ಅದರ ಗುಟ್ಟನ್ನು ಪ್ರಕಟಿಸಿದರು. ಅಡ್ಡಳತೆ ಮೈಕ್ರೋಮೀಟರಿನ ಅರ್ಧಕ್ಕಿಂತ ತುಸು ಹೆಚ್ಚಿರುವ ಈ ಜೀವಿ ಸಮಭಾಜಕದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 40 ಡಿಗ್ರಿ ಅಕ್ಷಾಂಶದವರೆಗೆ, 200 ಮೀಟರ್ ಆಳದವರೆಗೆ ಹರಡಿಕೊಂಡಿದೆ. ಕೆಲವೆಡೆ ಒಂದು ಮಿಲಿಲೀಟರ್ ನೀರಿನಲ್ಲೇ ಲಕ್ಷ ಕೋಶಗಳಿರುತ್ತವೆ.

2003ರಲ್ಲಿ ಇದರ ಜೀನೋಮ್ ಓದಿದಾಗ ಕಂಡದ್ದು ಅಚ್ಚರಿಯ ಬಡತನ. ಮೇಲ್ಪದರದ ಒಂದು ತಳಿಯಲ್ಲಿ ಇದ್ದದ್ದು ಸುಮಾರು 1,700 ವಂಶವಾಹಿಗಳು ಮಾತ್ರ. ನಡುಸಮುದ್ರದ ನೀರಿನಲ್ಲಿ ಸಾರಜನಕವೂ ರಂಜಕವೂ ವಿರಳ. ಅಲ್ಲಿ ಪ್ರತಿ ವಂಶವಾಹಿಯನ್ನು ಹೊರುವುದಕ್ಕೂ ಬೆಲೆ ತೆರಬೇಕು. ಆದ್ದರಿಂದ ತೀರ ಅಗತ್ಯವಲ್ಲದ್ದನ್ನು ಈ ವಂಶ ಕಳಚುತ್ತಾ ಬಂದಿದೆ.

ಹೀಗೆ ಇಲ್ಲವಾದುದರಲ್ಲಿ ಪ್ರಾಣರಕ್ಷಕವಾದದ್ದೂ ಇದೆ. ಬಿಸಿಲು ಬಿದ್ದಾಗ ಸಮುದ್ರದ ಮೇಲ್ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕೋಶಗಳಿಗೆ ಅದು ವಿಷ. ಅದನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಪ್ರೋಕ್ಲೋರೋಕಾಕಸ್‌ನಲ್ಲಿ ಇಲ್ಲ. ಅಲ್ಟೆರೊಮೊನಾಸ್‌ನಂಥ ನೆರೆಯ ಬ್ಯಾಕ್ಟೀರಿಯಾಗಳು ತಮ್ಮ ರಕ್ಷಣೆಗೆ ಪೆರಾಕ್ಸೈಡನ್ನು ಒಡೆದಾಗ ಸುತ್ತಲ ನೀರೂ ಹಸನಾಗುತ್ತದೆ, ಇದೂ ಬದುಕುತ್ತದೆ. ಪ್ರಯೋಗಾಲಯದಲ್ಲಿ ಇಂಥ ನೆರೆಯನ್ನು ತಪ್ಪಿಸಿ ವಿರಳವಾಗಿ ಬೆಳೆಸಹೊರಟರೆ ಅದು ಸೊರಗುತ್ತದೆ.

ಹಾಗಾದರೆ ಇದು ಪರಾವಲಂಬಿಯೇ? ಹಾಗೆನ್ನಲಾಗದು. ಇದು ಬೆಳಕಿನಿಂದ ಕಟ್ಟಿದ ಇಂಗಾಲದ ಒಂದು ಪಾಲು ನೀರಿಗೆ ಸೋರಿ ಆ ನೆರೆಯವರಿಗೇ ಆಹಾರವಾಗುತ್ತದೆ. ಇಲ್ಲಿ ಯಾರ ಔದಾರ್ಯವೂ ಇಲ್ಲ. ಒಬ್ಬರ ಕೆಲಸದ ಫಲ ಇನ್ನೊಬ್ಬರಿಗೆ ಒದಗುತ್ತದೆ, ಅಷ್ಟೆ. ಆ ಒದಗುವಿಕೆ ತಪ್ಪದೆ ನಡೆಯುವುದರಿಂದಲೇ ಕೆಲವು ಶಕ್ತಿಗಳನ್ನು ಕಳೆದುಕೊಂಡೂ ಬದುಕಲು ಸಾಧ್ಯವಾಗಿದೆ.

ಒಂದೊಂದು ಕೋಶ ಹೀಗೆ ಬಡವಾದರೂ ವಂಶದ ಒಟ್ಟು ಸಂಪತ್ತು ದೊಡ್ಡದು. ಎಲ್ಲ ತಳಿಗಳಲ್ಲೂ ಇರುವ ವಂಶವಾಹಿಗಳು ಸುಮಾರು 1,000. ತಳಿಗಳನ್ನೆಲ್ಲ ಕೂಡಿಸಿದರೆ 80,000 ಇರಬಹುದೆಂಬ ಅಂದಾಜಿದೆ. ಕೆಲವು ತಳಿಗಳು ಪ್ರಖರ ಬೆಳಕಿಗೆ ಒಗ್ಗಿದರೆ ಕೆಲವು ಆಳದ ಮಬ್ಬಿಗೆ ಒಗ್ಗಿವೆ. 2014ರಲ್ಲಿ ಬರ್ಮುಡಾ ಬಳಿಯ ನೀರಿನ ಒಂಟಿ ಕೋಶಗಳ ಜೀನೋಮ್ ಅಧ್ಯಯನ ಪ್ರಕಟವಾಯಿತು. ಅಲ್ಲಿ ನೂರಾರು ಉಪಕುಲಗಳು ಒಟ್ಟಿಗೇ ಇದ್ದವು. ಅವು ಕನಿಷ್ಠ ಕೆಲವು ದಶಲಕ್ಷ ವರ್ಷಗಳ ಹಿಂದೆಯೇ ಕವಲೊಡೆದವೆಂಬ ಅಂದಾಜಿದೆ. ಋತು ಬದಲಾದಂತೆ ಒಂದರ ಪ್ರಮಾಣ ಏರಿ ಇನ್ನೊಂದರದು ಇಳಿಯುತ್ತದೆ, ಒಟ್ಟು ಸಮೂಹ ಉಳಿಯುತ್ತದೆ.

ಆದ್ದರಿಂದ ನನ್ನ ವಾದ ಇಷ್ಟು: ಪೂರ್ಣತೆಯನ್ನು ಒಂಟಿ ಕೋಶದಲ್ಲಿ ಹುಡುಕುವುದೇ ತಪ್ಪು. ಅದು ಇರುವುದು ಸಮೂಹದಲ್ಲಿ, ನೆರೆಹೊರೆಯಲ್ಲಿ. ವೈವಿಧ್ಯ ಅಲಂಕಾರಕ್ಕೆ ಬಂದದ್ದಲ್ಲ. ಬದುಕು ನಿಂತಿರುವುದೇ ಅದರ ಮೇಲೆ.

ವಂಶವಾಹಿಗಳನ್ನು ಹೀಗೆ ಕಳಚಿಕೊಳ್ಳುವುದರಲ್ಲೂ ಅಪಾಯವಿದೆಯಲ್ಲ ಎಂದು ಕೇಳಿದರೆ, ಇದೆ. ನೀರಿನ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದರ ಕೋಶವಿಭಜನೆ ಕುಸಿಯುತ್ತದೆ ಎಂದು ಪೆಸಿಫಿಕ್‌ನಲ್ಲಿ ನಡೆಸಿದ ಅಳತೆಗಳು ತೋರಿಸಿವೆ. ಇಷ್ಟು ಹಗುರಾದ ಜೀನೋಮ್ ಹೊಸ ಸಂಕಟ ಬಂದಾಗ ಬರಿಗೈಯಲ್ಲಿ ನಿಲ್ಲಬೇಕಾದೀತು. ಬ್ಯಾಕ್ಟೀರಿಯಾದಿಂದ ಮನುಷ್ಯರಿಗೆ ನೀತಿಪಾಠ ಹಿಂಡುವುದೂ ಸಲ್ಲದು. ನಿಸರ್ಗದಲ್ಲಿ ಇರುವುದೆಲ್ಲ ನಮಗೆ ಆದರ್ಶವಲ್ಲ.

ಆದರೂ ಒಂದು ಹೊಣೆ ಉಳಿಯುತ್ತದೆ. ಕಾಯ್ದುಕೊಳ್ಳಬೇಕಾದದ್ದು ಏನು ಎಂಬ ಪ್ರಶ್ನೆಗೆ ಒಂದು ಹೆಸರು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಪ್ರೋಕ್ಲೋರೋಕಾಕಸ್ ಇನ್ನೂ ಇದೆಯೇ ಎಂದು ಎಣಿಸಿ ಸಮಾಧಾನಪಟ್ಟರೆ ಸಾಲದು. ಎಷ್ಟು ಬಗೆಯವು ಉಳಿದಿವೆ, ಯಾವ ನೆರೆಯವರ ಜೊತೆ ಉಳಿದಿವೆ ಎಂದೂ ನೋಡಬೇಕು. ಬಗೆಗಳು ಒಂದೊಂದಾಗಿ ಅಳಿಯುತ್ತಿದ್ದರೆ, ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ನಷ್ಟ ಆಗಲೇ ಶುರುವಾಗಿದೆಯೆಂದೇ ಅರ್ಥ.